ಕೌಂಟರ್ ಮುಂದೆ ನಿಂತ ಹುಡುಗಿ

ಹೋದ ವರ್ಷ ದಸರೆಗೆ ಊರಿಗೆ ಹೋಗಿದ್ದಾಗ ಚಿಕ್ಕಪ್ಪನ ಮಗಳು ನನ್ನ ಲ್ಯಾಪ್‌ಟಾಪ್ ಕಿತ್ತುಕೊಂಡು ‘ಗುಂಜನ್ ಸಕ್ಸೇನಾ’ ಸಿನಿಮಾ ಹಾಕಿದಳು. ಆಗ ಅವಳು ಎರಡನೇ ಪಿಯುಸಿ, ಸೈನ್ಸು. ಆ ಸಿನಿಮಾನ ಅಷ್ಟೊತ್ತಿಗಾಗಲೇ ನಾಲ್ಕು ಸಲ ನೋಡಿದ್ದಳಂತೆ. ನಾನು 2020ರ ಲಾಕ್‌ಡೌನ್ ಕಾಲದಲ್ಲಿ ಒಂದ್ಸಲ ನೋಡಿ, ‘ಪಂಕಜ್ ತ್ರಿಪಾಠಿ ಸಖತ್’ ಅಂತ ಸ್ಟೇಟಸ್ ಹಾಕಿ ಮರೆತುಬಿಟ್ಟಿದ್ದೆ. ಸಿನಿಮಾ ಮುಗಿದ ಮೇಲೆ ಅವಳು ಕಾರ್ಗಿಲ್ ಬಗ್ಗೆ ಕೇಳಲಿಲ್ಲ, ಹೆಲಿಕಾಪ್ಟರ್ ಬಗ್ಗೆನೂ ಕೇಳಲಿಲ್ಲ. ಕೇಳಿದ್ದು ಇಷ್ಟೇ: “ಅಣ್ಣ, ಆ ಕೌಂಟರ್‌ನಲ್ಲಿ ಫೀಸು ಇಷ್ಟು ಅಂತಾರಲ್ಲ, ಅದು ಈಗ ಎಷ್ಟಾಗಿರುತ್ತೆ?”

ನಮ್ಮೂರಲ್ಲಿ ಬಿ.ಇ. ಮಾಡಿ ಬೆಂಗಳೂರು ಸೇರಿದವನಿಗೆ ಎಲ್ಲವೂ ಗೊತ್ತಿರಬೇಕು ಅಂತ ಒಂದು ಲೆಕ್ಕ. ಮೊಬೈಲ್ ಹ್ಯಾಂಗ್ ಆದರೂ ನನ್ನನ್ನೇ ಕೇಳಬೇಕು, ಪಹಣಿಯಲ್ಲಿ ಹೆಸರು ತಪ್ಪಾಗಿದ್ದರೂ ನನ್ನನ್ನೇ ಕೇಳಬೇಕು. ಆದರೆ ಪೈಲಟ್ ಆಗೋಕೆ ಏನು ಮಾಡಬೇಕು ಅನ್ನೋದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹೆಬ್ಬಾಳದ ಫ್ಲೈಓವರ್ ಮೇಲೆ ಜಾಮ್ ಆಗಿ ನಿಂತಾಗ ಜಕ್ಕೂರಿನ ಕಡೆಯಿಂದ ಮೇಲೇಳುವ ಪುಟ್ಟ ವಿಮಾನಗಳನ್ನು ನೋಡಿದ್ದೆ, ಅಷ್ಟೇ ನನ್ನ ವಿಮಾನ ಜ್ಞಾನ. ಹಾಗಾಗಿ ಬೆಂಗಳೂರಿಗೆ ವಾಪಸ್ ಬಂದು ಎರಡು ಕೆಲಸ ಮಾಡಿದೆ. ಒಂದು, ಅಲ್ಲಿ ಇಲ್ಲಿ ವಿಚಾರಿಸಿದೆ. ಇನ್ನೊಂದು, ಪೈಲಟ್‌ಗಳ ಬಗ್ಗೆ ಬಂದಿರುವ ಸಿನಿಮಾಗಳನ್ನು ಮತ್ತೆ ಕೂತು ನೋಡಿದೆ. ಅವಳ ತಲೆಯಲ್ಲಿರುವ ಪೈಲಟ್ ಅಲ್ಲಿಂದಲೇ ತಾನೇ ಬಂದಿದ್ದು? ಈ ಬರಹ ಆ ಸಿನಿಮಾಗಳ ಬಗ್ಗೆ.

ಮೊದಲು ‘ಗುಂಜನ್ ಸಕ್ಸೇನಾ’. ಶರಣ್ ಶರ್ಮಾ ನಿರ್ದೇಶನದ ಈ ಚಿತ್ರ ಬಂದಾಗ ಜಗಳ ನಡೆದದ್ದೆಲ್ಲ ದ್ವಿತೀಯಾರ್ಧದ ಬಗ್ಗೆ. ನಮ್ಮನ್ನು ಹೆಣ್ಣುಮಕ್ಕಳ ವಿರೋಧಿಗಳ ಹಾಗೆ ತೋರಿಸಿದ್ದಾರೆ ಅಂತ ವಾಯುಪಡೆಯೇ ಸೆನ್ಸಾರ್ ಮಂಡಳಿಗೆ ಪತ್ರ ಬರೆದಿತ್ತು. ಆ ಗಲಾಟೆಯಲ್ಲಿ ಸಿನಿಮಾದ ಮೊದಲ ಭಾಗದ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ. ನನ್ನ ಪ್ರಕಾರ ಸಿನಿಮಾದ ಜೀವ ಇರುವುದು ಅಲ್ಲಿ.

ಪುಟ್ಟ ಹುಡುಗಿಯನ್ನು ಗಗನಸಖಿ ಕಾಕ್‌ಪಿಟ್ ಒಳಗೆ ಕರೆದುಕೊಂಡು ಹೋಗುತ್ತಾಳೆ. ಮುಂದಿನ ಗಾಜು, ಅದರಾಚೆ ಆಕಾಶ. ಹುಡುಗಿ ಅಲ್ಲೇ ತೀರ್ಮಾನ ಮಾಡಿಬಿಡುತ್ತಾಳೆ. ಹತ್ತನೇ ಕ್ಲಾಸು ಮುಗಿಸಿ ಫ್ಲೈಯಿಂಗ್ ಸ್ಕೂಲಿಗೆ ಹೋದರೆ ಹನ್ನೆರಡನೇ ಕ್ಲಾಸು ಆಗಿರಬೇಕು ಅಂತಾರೆ. ಅದನ್ನು ಮುಗಿಸಿ ಹೋದರೆ ಡಿಗ್ರಿ ಬೇಕು ಅಂತಾರೆ. ಡಿಗ್ರಿ ಮುಗಿಸಿ ಹೋದರೆ ಫೀಸು ಕೇಳಿ ತಲೆ ತಿರುಗುತ್ತದೆ. ಮೂರೂ ಸಲ ಅದೇ ಕೌಂಟರ್, ಅದೇ ಹುಡುಗಿ. ಥಿಯೇಟರಿನಲ್ಲಿ ಬಂದಿದ್ದರೆ ಜನ ನಗುತ್ತಿದ್ದ ದೃಶ್ಯ ಅದು, ಹಾಗೇ ತೆಗೆದಿದ್ದಾರೆ ಕೂಡ. ಆದರೆ ತಾಲ್ಲೂಕು ಆಫೀಸಿನ ಕಿಟಕಿಯ ಮುಂದೆ ನಿಂತು “ಈ ದಾಖಲೆ ಸಾಲಲ್ಲ, ಇನ್ನೊಂದು ತನ್ನಿ” ಅನ್ನಿಸಿಕೊಂಡು ಬೆಳೆದ ನಮ್ಮಂಥವರಿಗೆ ಅಲ್ಲಿ ನಗು ಬರುವುದು ಕಷ್ಟ. ಕನಸಿಗೂ ಅರ್ಜಿ ನಮೂನೆ ಇರುತ್ತದೆ, ಅದನ್ನು ಯಾರೂ ಒಂದೇ ಸಲ ಪೂರ್ತಿ ಹೇಳುವುದಿಲ್ಲ. ಹಿಂದಿ ಸಿನಿಮಾವೊಂದು ಇದನ್ನು ಇಷ್ಟು ಸರಿಯಾಗಿ ಹಿಡಿದದ್ದು ನನಗೆ ಖುಷಿ ಕೊಟ್ಟಿತು.

ಆಮೇಲೇನಾಗುತ್ತೆ ಅನ್ನೋದೇ ನನ್ನ ತಕರಾರು. ಫೀಸಿನ ಮಾತು ಬಂದ ತಕ್ಷಣ ಸಿನಿಮಾ ಅಲ್ಲಿಂದ ಓಡಿಹೋಗುತ್ತದೆ. ಮನೆಯಲ್ಲಿ ಒಂದು ಸಣ್ಣ ಬೇಜಾರು, ಅಪ್ಪನ ಮುಖದಲ್ಲಿ ಒಂದು ನೆರಳು, ಅಷ್ಟರಲ್ಲಿ ವಾಯುಪಡೆ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಿದೆ ಅನ್ನುವ ಸುದ್ದಿ. ಅಲ್ಲಿಂದ ಮುಂದೆ ದುಡ್ಡಿನ ಸುದ್ದಿಯೇ ಇಲ್ಲ, ಬರೀ ಧೈರ್ಯದ ಸುದ್ದಿ. ಇದು ನಿಜ ಜೀವನದ ಕಥೆ, ಗುಂಜನ್ ಅವರು ವಾಯುಪಡೆಗೆ ಹೋದದ್ದೂ ನಿಜ, ಅದಕ್ಕೆ ಸಿನಿಮಾನ ಬೈಯೋಕಾಗಲ್ಲ. ಆದರೆ ಸಿನಿಮಾ ತನಗೆ ಗೊತ್ತಿಲ್ಲದೇ ಹೇಳಿರುವ ಸತ್ಯ ಒಂದಿದೆ. ಈ ದೇಶದಲ್ಲಿ ದುಡ್ಡಿಲ್ಲದ ಮನೆಯ ಮಗು ವಿಮಾನ ಹಾರಿಸಬೇಕಾದರೆ ಭರವಸೆಯ ದಾರಿ ಸಮವಸ್ತ್ರದ್ದು. ಅಲ್ಲಿ ತರಬೇತಿಯ ಖರ್ಚು ಸರ್ಕಾರದ್ದು. 2022ರಿಂದ ಎನ್‌ಡಿಎ ಬಾಗಿಲೂ ಹೆಣ್ಣುಮಕ್ಕಳಿಗೆ ತೆರೆದಿದೆ. ಇದನ್ನೇ ಸಿನಿಮಾ ಗಟ್ಟಿಯಾಗಿ ಹೇಳಿದ್ದರೆ ಅದೊಂದು ದೊಡ್ಡ ಮಾತಾಗುತ್ತಿತ್ತು. ಅದರ ಬದಲು ಫೀಸಿನ ಪ್ರಶ್ನೆಗೆ ಛಲ ಅನ್ನುವ ಉತ್ತರ ಕೊಟ್ಟು ಮುಂದೆ ಹೋಗಿದೆ. ಫೀಸಿಗೆ ಛಲ ಉತ್ತರ ಅಲ್ಲ ಗುರು.

ನಮ್ಮ ಹುಡುಗಿಗೆ ಆ ದಾರಿಯೂ ಕಷ್ಟ. ಎಂಟನೇ ಕ್ಲಾಸಿನಿಂದ ಕನ್ನಡಕ. ದೂರದ್ದು ಕಾಣದವರನ್ನು ವಾಯುಪಡೆಯ ಹಾರುವ ವಿಭಾಗಕ್ಕೆ ತೆಗೆದುಕೊಳ್ಳುವುದು ಬಹಳ ಬಿಗಿ. ನಾಗರಿಕ ವಿಮಾನಯಾನದಲ್ಲಿ ಹಾಗಿಲ್ಲ, ಕನ್ನಡಕ ಹಾಕಿ ಪೂರ್ತಿ ಕಂಡರೆ ಸಾಕು. ಅಂದರೆ ಅವಳಿಗೆ ತೆರೆದಿರುವುದು ಸಿನಿಮಾ ಅರ್ಧಕ್ಕೆ ಬಿಟ್ಟುಹೋದ ಆ ಕೌಂಟರೇ.

ಎರಡನೆಯದು ‘ಸೂರರೈ ಪೋಟ್ರು’. ಸುಧಾ ಕೊಂಗರ ನಿರ್ದೇಶನ, ಸೂರ್ಯ ನಾಯಕ, ಅದೂ 2020ರದ್ದೇ. ಹಾಸನದವರಾದ ನಮಗೆ ಇದು ಮನೆಯ ಸಿನಿಮಾ ಇದ್ದ ಹಾಗೆ, ಯಾಕಂದ್ರೆ ಮೂಲ ಕಥೆ ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರದ್ದು. ಊರಲ್ಲಿ ಎಷ್ಟೋ ಜನ ಅವರನ್ನು ಏರ್ ಡೆಕ್ಕನ್ ವಿಮಾನ ಹಾರಿಸಿದ ಪೈಲಟ್ ಅಂತಲೇ ತಿಳಿದಿದ್ದಾರೆ. ಆ ‘ಕ್ಯಾಪ್ಟನ್’ ಸೈನ್ಯದ ಹುದ್ದೆ, ಕಾಕ್‌ಪಿಟ್‌ದಲ್ಲ. ಸಿನಿಮಾದಲ್ಲಂತೂ ಹೀರೋನ ವಾಯುಪಡೆಯವನನ್ನಾಗಿಯೇ ಮಾಡಿಬಿಟ್ಟಿದ್ದಾರೆ.

ಸಾಯುತ್ತಿರುವ ಅಪ್ಪನನ್ನು ನೋಡೋಕೆ ಹೋಗಬೇಕಾದ ಮಗ, ಟಿಕೆಟ್ಟಿಗೆ ದುಡ್ಡು ಸಾಲದೆ ವಿಮಾನ ನಿಲ್ದಾಣದಲ್ಲಿ ಕಂಡಕಂಡವರ ಮುಂದೆ ಕೈಯೊಡ್ಡುವ ದೃಶ್ಯ ಇದೆಯಲ್ಲ, ಅದನ್ನು ಈ ಸಲವೂ ಕಣ್ಣೊರೆಸಿಕೊಂಡೇ ನೋಡಿದೆ. ದುಡ್ಡನ್ನು ನೇರವಾಗಿ ನೋಡುವ ಧೈರ್ಯ ಈ ಸಿನಿಮಾಗೆ ಇದೆ. ಸಾಲ, ಲೈಸೆನ್ಸು, ಲಂಚ, ಹೂಡಿಕೆದಾರರು, ಎಲ್ಲವೂ ಕಥೆಯೊಳಗೇ ಬರುತ್ತವೆ. ಹಾಗಾಗಿ ಸಿನಿಮಾ ಆಗಿ ನನಗೆ ಇದು ‘ಗುಂಜನ್’ಗಿಂತ ಒಂದು ತೂಕ ಹೆಚ್ಚು. ಆದರೆ ಇದು ವಿಮಾನದಲ್ಲಿ ಕೂರುವವರ ಮತ್ತು ವಿಮಾನ ಕಂಪನಿ ಕಟ್ಟುವವರ ಕಥೆ. 2003ರಲ್ಲಿ ಶುರುವಾದ ಏರ್ ಡೆಕ್ಕನ್ ಒಂದು ರೂಪಾಯಿಗೂ ಟಿಕೆಟ್ ಮಾರಿತ್ತು. ಹಿಂದಿನ ಸೀಟಿಗೆ ಒಂದು ರೂಪಾಯಿ, ಮುಂದಿನ ಸೀಟಿಗೆ ಎಷ್ಟು? ಅದನ್ನು ಕೇಳುವುದು ಈ ಸಿನಿಮಾದ ಕೆಲಸವಾಗಿರಲಿಲ್ಲ, ಒಪ್ಪುತ್ತೇನೆ. ನೋಡಿ ಎದ್ದ ಹುಡುಗ ಹುಡುಗಿಯರು ಮಾತ್ರ ‘ಹಳ್ಳಿಯ ಹುಡುಗ ಆಕಾಶಕ್ಕೆ ಹೋದ’ ಅನ್ನುವುದನ್ನಷ್ಟೇ ತಲೆಯಲ್ಲಿಟ್ಟುಕೊಂಡು ಮನೆಗೆ ಹೋಗುತ್ತಾರೆ.

ಆ ‘ಎಷ್ಟು’ ಅನ್ನುವುದನ್ನು ನಾನು ಹೇಳುತ್ತೇನೆ, ಸಿನಿಮಾದವರು ಹೇಳದೇ ಇರೋದರಿಂದ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬ ಕೋ-ಪೈಲಟ್ ಇದ್ದಾನೆ. ಲಿಫ್ಟಿನಲ್ಲಿ ಪರಿಚಯ, ಆಮೇಲೆ ಟೀ. ಅವನು ಬಿಡಿಸಿ ಹೇಳಿದ್ದರಲ್ಲಿ ಮುಖ್ಯವಾದದ್ದು ಇದು. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಡಿಜಿಸಿಎ ಕೇಳುವುದು 18 ವರ್ಷ ವಯಸ್ಸು, ಪಿಯುಸಿಯಲ್ಲಿ ಫಿಸಿಕ್ಸು ಮ್ಯಾಥ್ಸು, ವೈದ್ಯಕೀಯ ಪರೀಕ್ಷೆ, ನ್ಯಾವಿಗೇಷನ್, ಹವಾಮಾನ, ವಾಯು ನಿಯಮಗಳು, ವಿಮಾನದ ತಾಂತ್ರಿಕ ವಿಷಯ ಮುಂತಾದ ಪೇಪರುಗಳು, ರೇಡಿಯೋ ಪರವಾನಗಿ, ಮತ್ತೆ 200 ಗಂಟೆ ಹಾರಾಟ. ಈ 200 ಗಂಟೆಗೇ ನಾವು ವಿಚಾರಿಸಿದ ಕಡೆಗಳಲ್ಲಿ ಹೇಳಿದ್ದು ಅರ್ಧ ಕೋಟಿ ಆಸುಪಾಸು. ಒಂದೂವರೆ ವರ್ಷ ಅಂತಾರೆ. ಮಳೆ, ಮಂಜು, ವಿಮಾನ ರಿಪೇರಿ, ಇನ್‌ಸ್ಟ್ರಕ್ಟರ್ ಇಲ್ಲ ಅಂತ ಅದು ಎಳೆಯುತ್ತಾ ಹೋಗುತ್ತೆ, ಅಷ್ಟು ದಿನವೂ ಹಾಸ್ಟೆಲ್ ಖರ್ಚು.

ಅಷ್ಟಾದ ಮೇಲೂ ನಿಮ್ಮ ಕೈಯಲ್ಲಿರುವುದು ಪುಟ್ಟ ವಿಮಾನ ಹಾರಿಸುವ ಲೈಸೆನ್ಸು. ಏರ್‌ಬಸ್ ಎ320 ಹಾರಿಸಬೇಕಾದರೆ ಅದಕ್ಕೇ ಪ್ರತ್ಯೇಕವಾಗಿ ಟೈಪ್ ರೇಟಿಂಗ್ ಬೇಕು, ಬೋಯಿಂಗ್ 737ಕ್ಕೆ ಬೇರೆ, ಎಟಿಆರ್‌ಗೆ ಬೇರೆ. ಅದಕ್ಕೆ ಮತ್ತೆ ಹದಿನೈದು ಇಪ್ಪತ್ತು ಲಕ್ಷ. ಇಂಡಿಗೋ, ಏರ್ ಇಂಡಿಯಾಗಳ ಸಣ್ಣ ವಿಮಾನಗಳು ಹೆಚ್ಚಾಗಿ ಏರ್‌ಬಸ್, ಆಕಾಸಾ ಪೂರ್ತಿ ಬೋಯಿಂಗ್. ಅಂದರೆ ಕೆಲಸ ಸಿಗುವ ಮೊದಲೇ ಯಾರ ಹತ್ತಿರ ಕೆಲಸ ಸಿಗಬಹುದು ಅಂತ ಊಹೆ ಮಾಡಿ ದುಡ್ಡು ಹಾಕಬೇಕು. ಅದು ಬೇಡ ಅಂದರೆ ವಿಮಾನ ಕಂಪನಿಗಳೇ ನಡೆಸುವ ಕೆಡೆಟ್ ಯೋಜನೆ ಇದೆ. ಮೊದಲೇ ಆಯ್ಕೆ ಮಾಡಿಕೊಳ್ಳುತ್ತಾರೆ, ಟೈಪ್ ರೇಟಿಂಗೂ ಅದರಲ್ಲೇ ಸೇರಿರುತ್ತೆ, ಒಟ್ಟು ಕೋಟಿ ದಾಟುತ್ತದೆ. ಇನ್ನೊಂದು ದಾರಿ ಇನ್‌ಸ್ಟ್ರಕ್ಟರ್ ಆಗಿ ಬೇರೆಯವರಿಗೆ ಕಲಿಸುತ್ತಾ ಗಂಟೆಗಳನ್ನು ಕೂಡಿಸಿಕೊಳ್ಳುವುದು. ಸಂಬಳ ಕಮ್ಮಿ, ಆದರೆ ಕೈ ಪಳಗುತ್ತದೆ.

“ಪೇಪರಲ್ಲಿ ಪೈಲಟ್‌ಗಳ ಕೊರತೆ ಅಂತ ಬರುತ್ತಲ್ಲ?” ಅಂದೆ. 2023ರಲ್ಲಿ ಏರ್ ಇಂಡಿಯಾ 470 ವಿಮಾನಕ್ಕೆ ಆರ್ಡರ್ ಕೊಟ್ಟಿದ್ದು, ಇಂಡಿಗೋ 500ಕ್ಕೆ ಕೊಟ್ಟಿದ್ದು ನನಗೂ ನೆನಪಿತ್ತು. ಅವನು ನಕ್ಕ. “ಕೊರತೆ ಇರೋದು ಕ್ಯಾಪ್ಟನ್‌ಗಳದ್ದು ಸಾರ್. 200 ಗಂಟೆಯವರದ್ದಲ್ಲ.” ನಾನು ಪಾಸಾದ ಕಾಲದಲ್ಲಿ ಫ್ರೆಷರ್ ಆಗಿ ಬೆಂಚ್ ಮೇಲೆ ಕೂತ ನೆನಪಾಯಿತು. ಆದರೆ ನನ್ನ ಬಿ.ಇ. ಸರ್ಟಿಫಿಕೇಟ್ ಬೀರುವಿನಲ್ಲಿ ಇದ್ದರೂ ಹಾಳಾಗುವುದಿಲ್ಲ. ಪೈಲಟ್ ಕೆಲಸವಿಲ್ಲದೆ ಕೂತರೆ ರೇಟಿಂಗಿನ ಅವಧಿ ಮುಗಿಯುತ್ತೆ, ಅದನ್ನು ಉಳಿಸಿಕೊಳ್ಳೋಕೂ ಮತ್ತೆ ದುಡ್ಡು ಕೊಟ್ಟು ಹಾರಬೇಕು. ಸುಮ್ಮನೆ ಕೂತಿದ್ದಕ್ಕೂ ಬಿಲ್ ಬರುವ ವೃತ್ತಿ ಇದು. ಕಿಂಗ್‌ಫಿಷರ್ 2012ರಲ್ಲಿ, ಜೆಟ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ನಿಂತುಹೋದಾಗ ಎಷ್ಟು ಮನೆಗಳಲ್ಲಿ ಕಂತು ಕಟ್ಟುವುದು ಬಾಕಿ ಇತ್ತೋ. ಇದರ ಬಗ್ಗೆ ಒಂದು ಸಿನಿಮಾ ಬಂದಿದ್ದರೆ ನಾನು ಮೊದಲ ದಿನವೇ ಹೋಗುತ್ತಿದ್ದೆ.

ಬಂದಿದ್ದು ‘ರನ್‌ವೇ 34’. ಅಜಯ್ ದೇವಗನ್ ಬಿರುಗಾಳಿಯಲ್ಲಿ ವಿಮಾನ ಇಳಿಸುತ್ತಾರೆ, ಕಪ್ಪು ಕನ್ನಡಕ ಹಾಕಿಕೊಂಡು ಸಿಗರೇಟು ಸೇದುತ್ತಾರೆ. ಪಕ್ಕದ ಸೀಟಿನಲ್ಲಿ ಹೊಸ ಕೋ-ಪೈಲಟ್ ಪಾತ್ರದಲ್ಲಿ ರಕುಲ್ ಪ್ರೀತ್. ಅವಳು ಅಲ್ಲಿಗೆ ಹೇಗೆ ಬಂದಳು, ಸೀನಿಯರ್ ಕ್ಯಾಪ್ಟನ್ ಎದುರು ಒಂದು ಮಾತಾಡಿದರೆ ಅವಳ ಕೆಲಸದ ಗತಿ ಏನು, ಇದರಲ್ಲಿ ಒಂದು ಪೂರ್ತಿ ಸಿನಿಮಾ ಇತ್ತು. ಇವರು ಅವಳಿಗೆ ಕೊಟ್ಟಿದ್ದು ಹೆದರುವ ಕೆಲಸ. ಹೀರೋನ ಧೈರ್ಯ ಕಾಣಬೇಕಲ್ಲ, ಅದಕ್ಕೆ ಪಕ್ಕದಲ್ಲಿ ಒಬ್ಬರು ಹೆದರುತ್ತಿರಬೇಕು. ಇಷ್ಟು ಸಾಕು ಇದಕ್ಕೆ.

ಒಳ್ಳೆಯ ಸಿನಿಮಾ ಬೇಕು ಅಂದರೆ ‘ಸಲ್ಲಿ’. ಕ್ಲಿಂಟ್ ಈಸ್ಟ್‌ವುಡ್ 2016ರಲ್ಲಿ ತೆಗೆದದ್ದು. 2009ರ ಜನವರಿ 15ರಂದು ಹಕ್ಕಿಗಳು ಬಡಿದು ಎರಡೂ ಇಂಜಿನ್ ಕೈಕೊಟ್ಟಾಗ ಕ್ಯಾಪ್ಟನ್ ಸಲೆನ್‌ಬರ್ಗರ್ ವಿಮಾನವನ್ನು ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ಇಳಿಸಿ 155 ಜನರನ್ನೂ ಉಳಿಸಿದ ಕಥೆ. ಟಾಮ್ ಹ್ಯಾಂಕ್ಸ್ ಇಲ್ಲಿ ಹೀರೋ ಥರ ಇಲ್ಲ, ಕೆಲಸ ಗೊತ್ತಿರುವ ವಯಸ್ಸಾದ ನೌಕರನ ಥರ ಇದ್ದಾರೆ. ನನಗೆ ಹಿಡಿಸಿದ್ದೇ ಅದು. ಧೈರ್ಯ ಅಂದರೆ ನಲವತ್ತು ವರ್ಷದ ಅಭ್ಯಾಸ ಅನ್ನುವುದನ್ನು ಈ ಸಿನಿಮಾ ಕಿರುಚದೇ ಹೇಳುತ್ತದೆ. ಹೆಂಡತಿಯ ಜೊತೆಗಿನ ಫೋನ್ ಮಾತಿನಲ್ಲಿ ಮನೆಯ ಹಣಕಾಸಿನ ತಾಪತ್ರಯವೂ ಒಂದೆರಡು ಸಲ ಇಣುಕುತ್ತದೆ.

ಆದರೆ ಈಸ್ಟ್‌ವುಡ್ಡಿಗೂ ಒಬ್ಬ ವಿಲನ್ ಬೇಕಾಗಿದ್ದ. ಅಪಘಾತದ ತನಿಖೆ ಮಾಡಿದವರನ್ನೇ ವಿಲನ್ ಮಾಡಿದರು. ನಿಜವಾದ ವಿಲನ್ ಅದೇ ಚಳಿಗಾಲದಲ್ಲಿ ಎದುರಿಗೇ ನಿಂತಿದ್ದ. ನದಿಯ ಮೇಲೆ ಇಳಿದ ಒಂದು ತಿಂಗಳ ನಂತರ, ಫೆಬ್ರವರಿ 24ರಂದು, ಸಲೆನ್‌ಬರ್ಗರ್ ಅಮೆರಿಕದ ಸಂಸತ್ ಸಮಿತಿಯ ಮುಂದೆ ಕೂತು ತನ್ನ ಸಂಬಳ ಶೇ. 40ರಷ್ಟು ಕಡಿತವಾಗಿದೆ, ಪಿಂಚಣಿ ಹೋಗಿದೆ, ಹೀಗಾದರೆ ಒಳ್ಳೆಯ ಹುಡುಗರು ಈ ವೃತ್ತಿಗೆ ಬರೋದಿಲ್ಲ ಅಂತ ಹೇಳಿದರು. ಅದಕ್ಕೆ ಹನ್ನೆರಡು ದಿನ ಮುಂಚೆ ಬಫಲೋ ಹತ್ತಿರ ಕೋಲ್ಗನ್ ಕಂಪನಿಯ ವಿಮಾನ ಬಿದ್ದು 50 ಜನ ಸತ್ತಿದ್ದರು. ಅದರ ಕೋ-ಪೈಲಟ್‌ಗೆ 24 ವರ್ಷ. ಸಂಬಳ ವರ್ಷಕ್ಕೆ ಸುಮಾರು 16 ಸಾವಿರ ಡಾಲರ್. ಡ್ಯೂಟಿ ಇದ್ದದ್ದು ನ್ಯೂಯಾರ್ಕ್ ಪಕ್ಕದ ನ್ಯೂವರ್ಕಿನಲ್ಲಿ, ಇರುತ್ತಿದ್ದದ್ದು ದೇಶದ ಇನ್ನೊಂದು ತುದಿಯ ಸಿಯಾಟಲ್‌ನಲ್ಲಿ ಅಪ್ಪ ಅಮ್ಮನ ಜೊತೆ. ರಾತ್ರಿಯಿಡೀ ಬೇರೆ ವಿಮಾನಗಳಲ್ಲಿ ಪ್ರಯಾಣ ಮಾಡಿ ಕೆಲಸಕ್ಕೆ ಬಂದಿದ್ದಳು. ಈ ಅಪಘಾತದಿಂದಾಗಿಯೇ ಅಮೆರಿಕದಲ್ಲಿ ಕೋ-ಪೈಲಟ್ ಆಗೋಕೂ ಸಾಮಾನ್ಯವಾಗಿ 1,500 ಗಂಟೆ ಹಾರಾಟ ಬೇಕು ಅನ್ನುವ ನಿಯಮ 2013ರಲ್ಲಿ ಬಂತು.

ಗೆದ್ದ ವಿಮಾನದ ಬಗ್ಗೆ ಟಾಮ್ ಹ್ಯಾಂಕ್ಸ್ ಸಿನಿಮಾ ಬಂತು. ಆ ಕೋ-ಪೈಲಟ್ ಹುಡುಗಿಯ ಬಗ್ಗೆ, ಅವಳ ಬ್ಯಾಂಕ್ ಅಕೌಂಟಿನ ಬಗ್ಗೆ ಅಷ್ಟು ದೊಡ್ಡ ಸಿನಿಮಾ ಬರಲಿಲ್ಲ. ಅಳುಮೋರೆ ಕಥೆ ಬೇಕು ಅಂತ ನಾನು ಹೇಳುತ್ತಿಲ್ಲ. ಕಾಕ್‌ಪಿಟ್ ಒಳಗೆ ಕಾಣುವ ಧೈರ್ಯಕ್ಕೂ ಹೊರಗಿನ ಸಂಬಳ, ಸಾಲ, ನಿದ್ದೆಗಳಿಗೂ ಸಂಬಂಧ ಇದೆ ಅಂತ ತೋರಿಸಿದರೆ ಕಥೆ ಇನ್ನೂ ಗಟ್ಟಿಯಾಗುತ್ತಿತ್ತು. ‘ಸೂರರೈ ಪೋಟ್ರು’ ಅದನ್ನು ಮಾಲೀಕನ ಕಡೆಯಿಂದ ಮಾಡಿ ತೋರಿಸಿದೆ. ನೌಕರಿ ಮಾಡುವವನ ಕಡೆಯಿಂದಲೂ ಮಾಡಬಹುದು ತಾನೇ?

ಇಷ್ಟೆಲ್ಲ ಕೊರೆಯೋಕೆ ಕಾರಣ ಇದೆ. ಯುಗಾದಿ ಮುಗಿದ ಮೇಲೆ ಚಿಕ್ಕಪ್ಪ ಫೋನ್ ಮಾಡಿದರು. ಬ್ಯಾಂಕಿಗೆ ಹೋಗಿದ್ದರಂತೆ. ವಿದ್ಯಾಭ್ಯಾಸದ ಸಾಲ ಏಳೂವರೆ ಲಕ್ಷ ದಾಟಿದರೆ ಆಸ್ತಿ ಅಡ ಇಡಬೇಕು ಅಂದಿದ್ದಾರೆ. ಎರಡೂವರೆ ಎಕರೆ ತೆಂಗಿನ ತೋಟದ ಪಹಣಿ ಮುಂದಿಟ್ಟರೆ ಮ್ಯಾನೇಜರ್ ತಲೆ ಅಲ್ಲಾಡಿಸಿದ್ದಾರೆ. ಸಾಲ ಮುಳುಗಿದರೆ ಕೃಷಿ ಭೂಮಿಯನ್ನು ಸುಲಭವಾಗಿ ಹರಾಜು ಹಾಕೋಕಾಗಲ್ಲ, ಹಾಗಾಗಿ ಪಟ್ಟಣದ ಮನೆಯೋ ಸೈಟೋ ಇದ್ದರೆ ತನ್ನಿ ಅಂದರಂತೆ. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನ್ನ ಫ್ಲಾಟಿಂದು ಏನಾದ್ರೂ ಆಗುತ್ತೇನಪ್ಪ? ನೋಡು, ಬಲವಂತ ಏನಿಲ್ಲ” ಅಂದರು.

ನನ್ನನ್ನು ಓದಿಸುವಾಗ ಅಪ್ಪನ ಜೊತೆ ಬ್ಯಾಂಕಿಗೆ ಬಂದು ಜಾಮೀನು ಸಹಿ ಹಾಕಿದವರು ಇದೇ ಚಿಕ್ಕಪ್ಪ. ಫ್ಲಾಟಿನ ಪತ್ರಗಳು ನನ್ನ ಹತ್ತಿರವೇ ಇಲ್ಲ, ಹೋಮ್ ಲೋನಿನ ಬ್ಯಾಂಕಿನಲ್ಲಿವೆ, ಇನ್ನೂ ಹನ್ನೊಂದು ವರ್ಷ ಇರುತ್ತವೆ. ಅದನ್ನು ಹೇಳಿದೆ. ಹೇಳಿದ್ದು ನಿಜವೇ, ಆದರೂ ಫೋನ್ ಇಟ್ಟ ಮೇಲೆ ತಪ್ಪಿಸಿಕೊಂಡೆ ಅನ್ನುವ ಹಾಗೆ ಅನ್ನಿಸಿತು. ಸಿನಿಮಾದಲ್ಲಾದರೆ ಈ ಜಾಗದಲ್ಲಿ ಅಣ್ಣ ಎದ್ದುನಿಂತು “ನೀನು ಹಾರು, ನಾನಿದ್ದೀನಿ” ಅನ್ನಬೇಕು, ಹಾಡು ಶುರುವಾಗಬೇಕು.

ನಾನು ಮಾಡಿದ್ದು ಚಿಕ್ಕ ಕೆಲಸ. ದೊಡ್ಡ ದುಡ್ಡು ಕಟ್ಟುವ ಮೊದಲು ಕಮ್ಮಿ ದುಡ್ಡಿನಲ್ಲಿ ಏನೇನು ಆಗುತ್ತೆ ಅಂತ ಆ ಕೋ-ಪೈಲಟ್ ಹತ್ತಿರ ಬರೆಸಿಕೊಂಡೆ. ಮೊದಲು ವೈದ್ಯಕೀಯ ಪರೀಕ್ಷೆ, ಎರಡನೇ ದರ್ಜೆಯದ್ದು, ಆಮೇಲೆ ಮೊದಲನೇ ದರ್ಜೆಯದ್ದು. ಅದರಲ್ಲಿ ಫೇಲಾದರೆ ಮುಂದಿನದೆಲ್ಲ ವ್ಯರ್ಥ, ಆದರೂ ಎಷ್ಟೋ ಜನ ಲಕ್ಷಗಟ್ಟಲೆ ಕಟ್ಟಿದ ಮೇಲೆ ಇದಕ್ಕೆ ಹೋಗುತ್ತಾರಂತೆ. ಮೊದಲನೇ ದರ್ಜೆಯ ಪರೀಕ್ಷೆ ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲೂ ಆಗುತ್ತದೆ. ಜೊತೆಗೇ ಡಿಜಿಸಿಎ ಕಂಪ್ಯೂಟರ್ ನಂಬರ್ ತಗೊಂಡು ಪೇಪರುಗಳನ್ನು ಬರೆಯುವುದು. ಪಾಸಾಗೋಕೆ ಶೇ. 70 ಬೇಕು, ಹಾಗಾಗಿ ಓದುವ ತಾಕತ್ತು, ಆಸಕ್ತಿ ಎರಡೂ ಅಲ್ಲೇ ಗೊತ್ತಾಗುತ್ತದೆ. ಇದೆಲ್ಲ ಡಿಗ್ರಿ ಓದಿಕೊಂಡೇ ಮಾಡಬಹುದು. ಪೇಪರು ಪಾಸಾದ ಮೇಲೆ ಕೆಡೆಟ್ ಯೋಜನೆಯೋ, ಬೇರೆ ಸ್ಕೂಲೋ, ಇನ್‌ಸ್ಟ್ರಕ್ಟರ್ ದಾರಿಯೋ ಅನ್ನುವ ತೀರ್ಮಾನ. ಗುಂಜನ್ ಮೂರು ಸಲ ಹೋಗಿ ತಿಳಿದುಕೊಂಡದ್ದನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟೆ ಅಂದುಕೊಳ್ಳಿ. ಅವಳಿಗೂ ಆ ಕೌಂಟರ್‌ನಲ್ಲಿ ಯಾರಾದರೂ ಇಷ್ಟು ಮಾಡಿದ್ದರೆ ಸಿನಿಮಾ ಹತ್ತು ನಿಮಿಷ ಕಮ್ಮಿಯಾಗುತ್ತಿತ್ತು.

ಈಗ ಅವಳು ಹಾಸನದಲ್ಲಿ ಬಿಎಸ್ಸಿ. ಮೆಡಿಕಲ್ ಎರಡೂ ಆಯಿತು, ಕನ್ನಡಕ ತೊಂದರೆ ಕೊಡಲಿಲ್ಲ. ಹವಾಮಾನದ ಪೇಪರಿಗೆ ಓದುತ್ತಿದ್ದಾಳೆ. ಹೋದ ತಿಂಗಳು ಊರಿಗೆ ಹೋದಾಗ ಬೆಳಗ್ಗೆ ಕೆರೆಯ ಕಡೆ ಪೂರ್ತಿ ಮಂಜು. ಚಿಕ್ಕಪ್ಪ ಟೀ ಹಿಡಿದು ನಿಂತಿದ್ದರು. “ಅಪ್ಪ, ರಾತ್ರಿ ಮೋಡ ಇರಲಿಲ್ಲ, ಗಾಳಿನೂ ಇರಲಿಲ್ಲ. ನೆಲದ ಕಾವೆಲ್ಲ ಮೇಲೆ ಹೋಗಿಬಿಡ್ತು. ನೆಲ ತಣ್ಣಗಾಯ್ತು, ಅದಕ್ಕೇ ಮಂಜು. ಬಿಸಿಲು ಏರಿದ ಮೇಲೆ ಹೋಗುತ್ತೆ” ಅಂತ ವಿವರಿಸಿದಳು. ಐವತ್ತು ವರ್ಷದಿಂದ ಅದೇ ಮಂಜು ನೋಡುತ್ತಿರುವ ಚಿಕ್ಕಪ್ಪ ಗಂಭೀರವಾಗಿ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ಈ ಪರೀಕ್ಷೆಗೆ ಎಷ್ಟು ಕಟ್ಟಬೇಕಂತೆ?” ಅಂದರು.

ಹೇಳಿದೆ. “ಅಷ್ಟೇನಾ!” ಅಂದರು.

ಮುಂದಿನ ಮೊತ್ತದ ಮಾತು ಅವತ್ತು ಯಾರೂ ಎತ್ತಲಿಲ್ಲ. ಅದಕ್ಕೆ ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ.